ಹೊಸ ಮರಿಯ ಸೀನು: ಮೂಗಿಗಿಂತ ಮೊದಲು ಹೊಟ್ಟೆ ನೋಡಿ

ಪ್ರಶ್ನೆ: ನಮ್ಮದು ಆಲ್ದೂರು ಹತ್ತಿರ ಸಣ್ಣ ಕಾಫಿ ತೋಟ. ಕಳೆದ ವಾರ ಸಕಲೇಶಪುರದ ನೆಂಟರ ಮನೆಯಿಂದ ಒಂದೂವರೆ ತಿಂಗಳ ಬೆಕ್ಕಿನ ಮರಿ ತಂದೆವು. ಬಂದಾಗ ಚೆನ್ನಾಗಿಯೇ ಇತ್ತು. ನಾಲ್ಕನೇ ದಿನ ಸೀನು ಶುರುವಾಯಿತು. ಈಗ ಕಣ್ಣು ಪಿಸುರು ಕಟ್ಟಿ ಬೆಳಿಗ್ಗೆ ಅಂಟಿಕೊಂಡಿರುತ್ತದೆ, ಮೂಗಿನಲ್ಲಿ ಹಳದಿ ಸಿಂಬಳ. ನಿನ್ನೆಯಿಂದ ಊಟ ಅರ್ಧಕ್ಕೇ ಬಿಡುತ್ತಿದೆ. ಮಳೆಗಾಲದ ಥಂಡಿ, ಬಚ್ಚಲೊಲೆ ಹತ್ತಿರ ಮಲಗಿಸಿ ವಿಕ್ಸ್ ಹಚ್ಚು ಎನ್ನುತ್ತಾರೆ ಅತ್ತೆ. ಮೆಡಿಕಲ್‌ನಲ್ಲಿ ಮಕ್ಕಳ ನೆಗಡಿ ಸಿರಪ್ ಕೊಟ್ಟಿದ್ದಾರೆ, ಇನ್ನೂ ಹಾಕಿಲ್ಲ. ಹಾಕಬಹುದೇ? ಮನೆಯಲ್ಲಿ ಆರು ವರ್ಷದ ಇನ್ನೊಂದು ಬೆಕ್ಕಿದೆ, ಅದಕ್ಕೆ ಯಾವ ಲಸಿಕೆಯೂ ಆಗಿಲ್ಲ. ಇಬ್ಬರು ಚಿಕ್ಕ ಮಕ್ಕಳೂ ಇದ್ದಾರೆ. ಇವರಿಗೆಲ್ಲ ಅಂಟುತ್ತದೆಯೇ?

ಉತ್ತರ: ಸಿರಪ್ ಹಾಕಬೇಡಿ. ಒಂದು ಹನಿಯೂ ಬೇಡ. ಇನ್ನೂ ಹಾಕದೆ ಕೇಳಿದ್ದೀರಲ್ಲ, ಅದಕ್ಕೆ ನಿಮಗೆ ಕೃತಜ್ಞ. ಮಕ್ಕಳ ನೆಗಡಿ ಸಿರಪ್‌ಗಳಲ್ಲಿ ಅನೇಕವುಗಳಲ್ಲಿ ಪ್ಯಾರಸಿಟಮಾಲ್ ಸೇರಿರುತ್ತದೆ. ನಾವು ಜ್ವರಕ್ಕೆ ನುಂಗುವ ಈ ಔಷಧ ಬೆಕ್ಕಿಗೆ ನೇರ ವಿಷ. ಅದನ್ನು ಕರಗಿಸಿ ಹೊರಹಾಕಲು ಬೇಕಾದ ಕಿಣ್ವದ ವ್ಯವಸ್ಥೆ ಬೆಕ್ಕಿನ ಲಿವರ್‌ನಲ್ಲಿ ತೀರಾ ದುರ್ಬಲ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಒಸಡು ಕಂದು ಅಥವಾ ನೀಲಿಗೆ ತಿರುಗುತ್ತದೆ, ಮುಖ, ಪಾದ ಊದಿಕೊಳ್ಳುತ್ತವೆ, ಕೆಲವೇ ಗಂಟೆಗಳಲ್ಲಿ ಏದುಸಿರು ಬರುತ್ತದೆ. ದೊಡ್ಡವರ ಒಂದೇ ಮಾತ್ರೆ ಬೆಳೆದ ಬೆಕ್ಕನ್ನು ಕೊಲ್ಲಬಲ್ಲದು ಎಂದಮೇಲೆ ಅಂಗೈಯಷ್ಟು ಮರಿಯ ಪಾಡೇನು? ಯಾರಾದರೂ ತಿಳಿಯದೆ ಈಗಾಗಲೇ ಹಾಕಿದ್ದರೆ, ಅಥವಾ ಇದನ್ನು ಓದುತ್ತಿರುವ ಬೇರೆಯವರ ಮನೆಯಲ್ಲಿ ಹೀಗಾಗಿದ್ದರೆ, ಲಕ್ಷಣ ಬರಲಿ ಎಂದು ಕಾಯದೆ ತಕ್ಷಣ ಹೊರಡಿ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ. ಅದು ಬೇಗ ಸಿಕ್ಕಷ್ಟೂ ಉಳಿಯುವ ಸಾಧ್ಯತೆ ಹೆಚ್ಚು. ಮನುಷ್ಯರ ಔಷಧವೇ ಆದ್ದರಿಂದ ದೊಡ್ಡ ಮೆಡಿಕಲ್‌ಗಳಲ್ಲಿ ಸಿಗುತ್ತದೆ. ಏನು ಕೊಟ್ಟಿರಿ, ಎಷ್ಟು ಕೊಟ್ಟಿರಿ ಎಂಬುದನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ.

ವಿಕ್ಸ್ ಕೂಡ ಬೇಡ. ಅದರಲ್ಲಿರುವ ಕರ್ಪೂರ, ನೀಲಗಿರಿ ಎಣ್ಣೆ ಎರಡೂ ಬೆಕ್ಕಿಗೆ ಆಗಿಬರುವುದಿಲ್ಲ. ಹಚ್ಚಿದ್ದನ್ನು ಬೆಕ್ಕು ನೆಕ್ಕದೆ ಬಿಡುವುದಿಲ್ಲ, ನೆಕ್ಕಿದರೆ ಹೊಟ್ಟೆಗೆ ಹೋಯಿತು. ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿ ಆವಿ ಹಿಡಿಯುವುದು, ಕಟ್ಟಿದ ಮೂಗು ಬಿಡಿಸಲು ನಾವು ಬಳಸುವ ಔಷಧದ ನೇಸಲ್ ಡ್ರಾಪ್ಸ್ ಬಿಡುವುದು, ಇವೂ ಬೇಡ. ಅತ್ತೆಯವರು ಹೇಳಿದ ಎರಡು ಮಾತಿನಲ್ಲಿ ಬೆಚ್ಚಗಿಡುವುದು ಮಾತ್ರ ನೂರಕ್ಕೆ ನೂರು ಸರಿ. ಅದಕ್ಕೆ ಮುಂದೆ ಬರುತ್ತೇನೆ.

ನಿಮ್ಮ ಮರಿಯನ್ನು ನಾಳೆಯೊಳಗೆ ಪಶುವೈದ್ಯರಿಗೆ ತೋರಿಸಲೇಬೇಕು. ಬರೀ ಸೀನು, ನೀರಿನಂಥ ಸಿಂಬಳ, ಆಟ ಊಟ ಎಂದಿನಂತೆ ಇದ್ದಿದ್ದರೆ ಮನೆಯಲ್ಲೇ ನೋಡಿಕೊಳ್ಳಿ ಎನ್ನುತ್ತಿದ್ದೆ. ಸಿಂಬಳ ಹಳದಿಯಾಗಿರುವುದು, ಕಣ್ಣು ಅಂಟುತ್ತಿರುವುದು, ಎಲ್ಲಕ್ಕಿಂತ ಮುಖ್ಯವಾಗಿ ಊಟ ಅರ್ಧವಾಗಿರುವುದು, ಈ ಮೂರೂ ಸೇರಿದ್ದರಿಂದ ಹಾಗೆ ಹೇಳಲಾರೆ. ನಾಳೆಯವರೆಗೂ ಕಾಯಬಾರದ ಪರಿಸ್ಥಿತಿಗಳೂ ಇವೆ. ಮರಿ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಉಸಿರಿಗೆ ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ಮಲಗಿ ನಿದ್ದೆಯಲ್ಲಿರುವಾಗ ನಿಮಿಷಕ್ಕೆ 40ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, 12 ಗಂಟೆ ಏನನ್ನೂ ತಿನ್ನದಿದ್ದರೆ, ಮುಟ್ಟಿದರೆ ತಣ್ಣಗಿದ್ದು ತಲೆ ಎತ್ತದಿದ್ದರೆ, ರಾತ್ರಿಯಾದರೂ ಫೋನ್ ಮಾಡಿ ಹೊರಡಿ.

ಇನ್ನು ಇದು ಏನು ಕಾಯಿಲೆ ಎಂಬುದು. ಮಳೆಯಲ್ಲಿ ನೆನೆದು ಬಂದ ಥಂಡಿ ಅಲ್ಲ. ಮರಿಗಳ ಇಂಥ ಸೀನು, ಕಣ್ಣು, ಮೂಗಿನ ತೊಂದರೆಗೆ ಬಹುಪಾಲು ಕಾರಣ ಎರಡು ವೈರಸ್‌ಗಳು: ಬೆಕ್ಕಿನ ಹರ್ಪಿಸ್ ಮತ್ತು ಬೆಕ್ಕಿನ ಕ್ಯಾಲಿಸಿ. ಹರ್ಪಿಸ್ ಕಣ್ಣಿನ ಮೇಲೆ ಹೆಚ್ಚು ಎರಗುತ್ತದೆ. ಕ್ಯಾಲಿಸಿಯಲ್ಲಿ ನಾಲಿಗೆ ಹುಣ್ಣಾಗಿ ಜೊಲ್ಲು ಸುರಿಯುತ್ತದೆ, ಕೆಲವು ಮರಿಗಳು ಒಂದೆರಡು ದಿನ ಕುಂಟುತ್ತವೆ. ಇವುಗಳ ಜೊತೆಗೋ ಬೆನ್ನಿಗೋ ಕ್ಲಮಿಡಿಯಾ, ಮೈಕೊಪ್ಲಾಸ್ಮಾ, ಬಾರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾಗಳು ಸೇರಿಕೊಳ್ಳುತ್ತವೆ. ಹಳದಿ ಸಿಂಬಳ ಸಾಮಾನ್ಯವಾಗಿ ಈ ಎರಡನೇ ದಾಳಿಯ ಗುರುತು. ಕಣ್ಣಳತೆಯಲ್ಲಿ ಇಂಥದ್ದೇ ಎಂದು ಖಚಿತವಾಗಿ ಹೇಳಲಾಗದು. ಪಿಸಿಆರ್ ಪರೀಕ್ಷೆ ಇದೆ, ಆದರೆ ಮೊದಲ ಸಲ ಕಾಯಿಲೆ ಬಿದ್ದ ಮರಿಗೆ ಅದರಿಂದ ಚಿಕಿತ್ಸೆ ಬದಲಾಗುವುದು ಕಡಿಮೆ. ಆ ಹಣವನ್ನು ಒಳ್ಳೆಯ ಆಹಾರಕ್ಕೆ ಹಾಕಿ ಎನ್ನುವವನು ನಾನು.

ನೆಂಟರ ಮನೆಯಲ್ಲಿ ಚೆನ್ನಾಗಿದ್ದದ್ದು ನಮ್ಮಲ್ಲಿ ಬಂದು ಹೀಗಾಯಿತಲ್ಲ ಎಂಬ ನೋವು ನಿಮ್ಮ ಪತ್ರದಲ್ಲಿದೆ. ನೀವು ಮಾಡಿದ ತಪ್ಪೇನೂ ಇಲ್ಲ, ನೆಂಟರದ್ದೂ ಅಲ್ಲ. ಹರ್ಪಿಸ್ ಒಮ್ಮೆ ತಗುಲಿದ ಬೆಕ್ಕಿನಲ್ಲಿ ಅದು ಮುಖದ ನರದ ಗಂಟಿನಲ್ಲಿ ಜೀವನಪೂರ್ತಿ ಅಡಗಿರುತ್ತದೆ. ತಾಯಿಬೆಕ್ಕಿಗೆ ಈಯುವುದು, ಹಾಲೂಡಿಸುವುದು ದೊಡ್ಡ ಶ್ರಮ. ಆ ಹೊತ್ತಿನಲ್ಲಿ ವೈರಸ್ ಎಚ್ಚರಗೊಂಡು, ತಾಯಿ ಮೇಲ್ನೋಟಕ್ಕೆ ಆರೋಗ್ಯವಾಗಿದ್ದರೂ ಮರಿಗಳ ಮೂತಿಗೆ ದಾಟುತ್ತದೆ. ಸುಮಾರು ಅದೇ ವೇಳೆಗೆ ತಾಯಿಯ ಗಿಣ್ಣಿನಿಂದ ಬಂದಿದ್ದ ರಕ್ಷಣೆಯೂ ಇಳಿಯತೊಡಗಿರುತ್ತದೆ. ವೈರಸ್ ಒಳಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 2ರಿಂದ 6 ದಿನ ಬೇಕು. ಅಮ್ಮನನ್ನು ಅಗಲಿ, ಘಾಟಿ ತಿರುವುಗಳಲ್ಲಿ ವಾಹನದಲ್ಲಿ ಕುಲುಕಿ, ಗುರುತಿಲ್ಲದ ಮನೆ ಸೇರಿದ ಮರಿಗೆ ನಾಲ್ಕನೇ ದಿನ ಸೀನು ಬಂದಿರುವುದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಮರಿ ಬರುವಾಗಲೇ ಕಾಯಿಲೆಯನ್ನು ಹೊತ್ತು ಬಂದಿರುವ ಸಾಧ್ಯತೆಯೇ ಹೆಚ್ಚು. ನೆಂಟರಿಗೆ ಒಂದು ಫೋನ್ ಮಾಡಿ ಉಳಿದ ಮರಿಗಳು ಹೇಗಿವೆ ಎಂದು ಕೇಳಿ. ಅವೂ ಸೀನುತ್ತಿದ್ದರೆ ಅವರಿಗೂ ಈ ಮಾತುಗಳು ಬೇಕಾಗುತ್ತವೆ.

ಈಗ ನಾನು ಬಹಳ ಒತ್ತಿ ಹೇಳಬೇಕಾದ ವಿಷಯ. ಇಂಥ ಮರಿಗಳಲ್ಲಿ ಸೀನು ಕೊಲ್ಲುವುದಿಲ್ಲ, ಉಪವಾಸ ಕೊಲ್ಲುತ್ತದೆ. ಬೆಕ್ಕು ಊಟವನ್ನು ಆರಿಸುವುದು ಮೂಗಿನಿಂದ. ಮೂಗು ಕಟ್ಟಿದರೆ ತಟ್ಟೆಯಲ್ಲಿರುವುದು ಊಟ ಎಂದೇ ಅದಕ್ಕೆ ಅನಿಸುವುದಿಲ್ಲ, ಹಸಿವಿದ್ದರೂ ಮೂತಿ ತಿರುಗಿಸುತ್ತದೆ. ಒಂದೂವರೆ ತಿಂಗಳ ಮರಿಯ ಮೈಯಲ್ಲಿ ಕೂಡಿಟ್ಟ ಕೊಬ್ಬು ಇಲ್ಲ. ಒಂದು ದಿನ ತಿನ್ನದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ, ತಣ್ಣಗಾದ ಮರಿಗೆ ಕರುಳೂ ಕೆಲಸ ಮಾಡುವುದಿಲ್ಲ. ಆಮೇಲೆ ಏನು ಕೊಟ್ಟರೂ ತಡವಾಗಿರುತ್ತದೆ. ಆದ್ದರಿಂದ ಸೀನು ಎಷ್ಟು ಬಂತು ಎಂದು ಎಣಿಸಬೇಡಿ, ಎಷ್ಟು ತಿಂದಿತು ಎಂದು ನೋಡಿ. ಮನೆಯಲ್ಲಿ ಕಾಳುಮೆಣಸನ್ನೋ ಏಲಕ್ಕಿಯನ್ನೋ ತೂಗುವ ಸಣ್ಣ ತಕ್ಕಡಿ ಇದ್ದರೆ ಅದರ ಮೇಲೆ ಡಬ್ಬಿ ಇಟ್ಟು ಮರಿಯನ್ನು ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಈ ವಯಸ್ಸಿಗೆ 600ರಿಂದ 700 ಗ್ರಾಂ ಇರಬೇಕು, ಆರೋಗ್ಯವಾಗಿದ್ದರೆ ವಾರಕ್ಕೆ ಸುಮಾರು 100 ಗ್ರಾಂ ಏರಬೇಕು. ಕಾಯಿಲೆಯಲ್ಲಿ ಏರದಿದ್ದರೂ ಚಿಂತೆಯಿಲ್ಲ. ಎರಡು ದಿನ ಸತತ ಇಳಿದರೆ ಚಿಂತೆ.

ಏನು ಕೊಡುವುದು? ವಾಸನೆ ಜೋರಾಗಿರುವುದನ್ನು, ಬೆಚ್ಚಗೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ. ಮಂಗಳೂರು ಕಡೆಯಿಂದ ಬರುವ ಬೂತಾಯಿ ನಿಮ್ಮ ಸಂತೆಯಲ್ಲೂ ಸಿಗುತ್ತದಲ್ಲ, ಅದನ್ನು ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದೆ ಬೇಯಿಸಿ, ಮುಳ್ಳು ಪೂರ್ತಿ ತೆಗೆದು, ಬೆಂದ ನೀರಿನಲ್ಲೇ ಕಿವುಚಿ ಗಂಜಿಯ ಹದಕ್ಕೆ ತನ್ನಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣ ಒಡೆಯುತ್ತವೆ, ಹಾಗಾಗಿ ನಿಮ್ಮ ಸಾರಿನ ಮೀನು ತೊಳೆದು ಕೊಟ್ಟರೂ ಆಗದು. ಒಣಮೀನು ವಾಸನೆಗೆ ಒಳ್ಳೆಯದೇ, ಆದರೆ ಉಪ್ಪಿನ ಮುದ್ದೆ. ಕೋಳಿ ಬೇಯಿಸಿದ ನೀರು, ಬೆಂದ ಕೋಳಿ ಲಿವರ್ ಚೂರು, ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ಮರಿಗಳ ಮೆದು ಆಹಾರ, ಇವೆಲ್ಲ ನಡೆಯುತ್ತವೆ. ಪೊಟ್ಟಣವನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ. ಸ್ವಲ್ಪವನ್ನು ಬೆರಳಿನಿಂದ ಮೂತಿಗೆ ಸವರಿ. ನೆಕ್ಕಿದ ಮೇಲೆ ಎಷ್ಟೋ ಮರಿಗಳು ತಾವೇ ತಟ್ಟೆಗೆ ಬಾಯಿ ಹಾಕುತ್ತವೆ. ಇವು ಕಾಯಿಲೆಯ ನಾಲ್ಕು ದಿನ ದಾಟಿಸುವ ಊಟ. ಚೇತರಿಸಿಕೊಂಡ ಮೇಲೆ ಮರಿಗಳಿಗೆಂದೇ ಮಾಡಿದ ಆಹಾರಕ್ಕೆ ಮರಳಬೇಕು.

ಹಸುವಿನ ಹಾಲು ಬೇಡ. ಮಲೆನಾಡಿನಲ್ಲಿ ಬೆಕ್ಕು ಎಂದರೆ ಹಾಲು ಎಂದೇ ರೂಢಿ, ಬೇಡ ಎಂದರೆ ಕೆಲವರಿಗೆ ಬೇಸರವೂ ಆಗುತ್ತದೆ. ಆದರೆ ಸೊರಗಿದ ಮರಿಗೆ ಅದರಿಂದ ಭೇದಿ ಹತ್ತಿಕೊಂಡರೆ ಮೈಯ ನೀರು ಬತ್ತುತ್ತದೆ, ಸಿಂಬಳ ಇನ್ನೂ ಗಟ್ಟಿಯಾಗುತ್ತದೆ. ಬೆಕ್ಕಿನ ಮರಿಗೆಂದೇ ಬರುವ ಹಾಲಿನ ಪುಡಿ ಸಿಕ್ಕರೆ ಕೊಡಿ.

ತಾನಾಗಿ ತಿನ್ನದಿದ್ದರೆ ಸೂಜಿ ತೆಗೆದ ಸಿರಿಂಜಿನಲ್ಲಿ ತಿನ್ನಿಸಬಹುದು. ಮರಿಯನ್ನು ನಾಲ್ಕು ಕಾಲಿನ ಮೇಲೆ ಸಹಜವಾಗಿ ಕೂರಿಸಿ, ಬಾಯಿಯ ಪಕ್ಕದಿಂದ ಅರ್ಧ ಎಂಎಲ್‌ನಷ್ಟು ಮಾತ್ರ ಬಿಟ್ಟು, ನುಂಗಿದ್ದನ್ನು ಕಂಡ ಮೇಲೆ ಮುಂದಿನದು. ಮಗುವಿನ ಹಾಗೆ ಅಂಗಾತ ಮಲಗಿಸಿ ಹಿಡಿಯಬೇಡಿ, ತಲೆ ಮೇಲೆತ್ತಬೇಡಿ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಏದುಸಿರು ಇರುವ ಮರಿಗೆ ಸಿರಿಂಜು ಮುಟ್ಟಿಸಲೇಬೇಡಿ, ಅದು ವೈದ್ಯರ ಕೆಲಸ.

ಊಟಕ್ಕೆ ಮುಂಚೆ ಮೂಗು ಬಿಡಿಸಿ. 200 ಎಂಎಲ್ ಕುದಿಸಿ ಆರಿಸಿದ ನೀರಿಗೆ ಕಾಲು ಟೀ ಚಮಚ ಉಪ್ಪು ಕರಗಿಸಿ, ಹತ್ತಿ ಅದ್ದಿ, ಮೂಗಿನ ಮೇಲೆ ಒಂದು ನಿಮಿಷ ಒತ್ತಿಟ್ಟರೆ ಒಣಗಿದ ಹಕ್ಕಳೆ ನೆನೆದು ಬರುತ್ತದೆ. ಒಣಗಿದ್ದನ್ನು ಕೀಳಬೇಡಿ, ರಕ್ತ ಬರುತ್ತದೆ. ಹಸುಗೂಸುಗಳ ಉಪ್ಪುನೀರಿನ ಮೂಗಿನ ಹನಿ ಮೆಡಿಕಲ್‌ನಲ್ಲಿ ಸಿಗುತ್ತದೆ. ಲೇಬಲ್‌ನಲ್ಲಿ ಸೋಡಿಯಂ ಕ್ಲೋರೈಡ್ ಬಿಟ್ಟು ಬೇರೆ ಔಷಧ ಇಲ್ಲದಿದ್ದರೆ ಮಾತ್ರ ಒಂದೊಂದು ಹೊಳ್ಳೆಗೆ ಒಂದು ಹನಿ ಬಿಡಬಹುದು. ಸೀನಿ ಹೊರಹಾಕುತ್ತದೆ, ಅದೇ ಬೇಕಾದದ್ದು. ಆವಿಗೆ ಬಚ್ಚಲುಮನೆಯೇ ಸಾಕು. ನೀವು ಹಂಡೆಯ ಬಿಸಿನೀರಿನಲ್ಲಿ ಸ್ನಾನ ಮುಗಿಸಿ ಬಂದಮೇಲೆ ಒಲೆ ಹೊಗೆಯಾಡುತ್ತಿಲ್ಲ ಎಂದು ನೋಡಿಕೊಂಡು, ಬಾಗಿಲು ಮುಚ್ಚಿ, ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತು ಹದಿನೈದು ನಿಮಿಷ ಕೂತುಕೊಳ್ಳಿ. ಕುದಿಯುವ ಪಾತ್ರೆಯ ಮುಂದೆ ಹಿಡಿದು ಬಟ್ಟೆ ಮುಚ್ಚುವುದು ಅಪಾಯ, ಒಂದು ಕೊಸರಿಗೆ ಮರಿ ನೀರಿನೊಳಗೆ ಬೀಳುತ್ತದೆ.

ಬಚ್ಚಲೊಲೆಯ ಬಿಸುಪು ಬೆಕ್ಕಿಗೆ ಇಷ್ಟ, ಬೂದಿಯಲ್ಲೇ ಮಲಗಿ ಏಳುವ ಬೆಕ್ಕುಗಳನ್ನು ನಮ್ಮ ಕಡೆ ಎಲ್ಲ ಮನೆಯಲ್ಲೂ ಕಾಣುತ್ತೀರಿ. ಗಟ್ಟಿಯಾದ ದೊಡ್ಡ ಬೆಕ್ಕು ತಾಳಿಕೊಳ್ಳಬಹುದು. ಉರಿಗೊಂಡ ಮೂಗಿನ ಮರಿಗೆ ಹೊಗೆ, ಹಾರುವ ಬೂದಿ ಎರಡೂ ಬೇಡ. ಸಾಂಬ್ರಾಣಿ, ಊದುಬತ್ತಿ, ಸೊಳ್ಳೆಬತ್ತಿ ಆ ಕೋಣೆಯಲ್ಲಿ ಹಚ್ಚಬೇಡಿ, ಸಿಗಡಿಯ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿ ಇಡಲೇಬೇಡಿ, ಅದು ನಿಮ್ಮ ಮಕ್ಕಳಿಗೂ ಅಪಾಯ. ರಟ್ಟಿನ ಪೆಟ್ಟಿಗೆಗೆ ಹಳೆ ಕಂಬಳಿ ಹಾಸಿ, ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಒಂದು ಮೂಲೆಗೆ ಇಡಿ. ಸೆಕೆಯಾದರೆ ಸರಿದು ಮಲಗಲು ಇನ್ನೊಂದು ಮೂಲೆ ಖಾಲಿ ಇರಲಿ. ಆಷಾಢದ ಮಳೆಯಲ್ಲಿ ಗೋಡೆಯೆಲ್ಲ ಬೆವರುವ ಮನೆಗಳಲ್ಲಿ ಪೆಟ್ಟಿಗೆಯನ್ನು ನೆಲದಿಂದ ಸ್ವಲ್ಪ ಎತ್ತರದಲ್ಲಿಡುವುದು ಒಳ್ಳೆಯದು. ಥಂಡಿಯಿಂದ ವೈರಸ್ ಹುಟ್ಟುವುದಿಲ್ಲ ನಿಜ, ಆದರೆ ನಡುಗುವ ಮರಿ ತಿಂದದ್ದನ್ನೆಲ್ಲ ಮೈ ಬೆಚ್ಚಗಿಡಲಿಕ್ಕೇ ಸುಟ್ಟುಬಿಡುತ್ತದೆ.

ಕಣ್ಣಿನ ವಿಷಯದಲ್ಲಿ ಸಲುಗೆ ಬೇಡ. ಹರ್ಪಿಸ್ ಕಣ್ಣಿನ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪೊರೆಯಲ್ಲಿ ಹುಣ್ಣು ಮಾಡುತ್ತದೆ, ಮರಿಗಳಲ್ಲಿ ರೆಪ್ಪೆಯ ಒಳಪದರ ಅದಕ್ಕೇ ಅಂಟಿ ಶಾಶ್ವತವಾಗಿ ಮಸುಕಾಗುವುದೂ ಉಂಟು. ಅದೇ ಉಪ್ಪುನೀರಿನ ಬೆಚ್ಚಗಿನ ಹತ್ತಿಯಿಂದ ದಿನಕ್ಕೆ ಮೂರು ನಾಲ್ಕು ಸಲ, ಮೂಗಿನ ಕಡೆಯಿಂದ ಹೊರಗೆ ಒರೆಸಿ, ಪ್ರತಿ ಕಣ್ಣಿಗೂ ಹೊಸ ಹತ್ತಿ. ಜೇನು, ಎದೆಹಾಲು, ಹರಳೆಣ್ಣೆ ಏನನ್ನೂ ಬಿಡಬೇಡಿ. ಮನೆಯಲ್ಲಿ ಉಳಿದ ಕಣ್ಣಿನ ಹನಿಯಂತೂ ಬೇಡವೇ ಬೇಡ, ಅದರಲ್ಲಿ ಡೆಕ್ಸಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಇದ್ದರೆ ಹುಣ್ಣು ಆಳವಾಗಿ ಕಣ್ಣೇ ಹೋಗಬಹುದು. ವೈದ್ಯರು ಕಿತ್ತಳೆ ಬಣ್ಣದ ದ್ರವ ತಾಕಿಸಿ ನೀಲಿ ಬೆಳಕಿನಲ್ಲಿ ನೋಡಿದರೆ ಹುಣ್ಣು ಹಸಿರಾಗಿ ಹೊಳೆಯುತ್ತದೆ. ಈ ಪರೀಕ್ಷೆ ಮಾಡಿ ಎಂದು ಕೇಳಿ. ಮರಿ ಒಂದು ಕಣ್ಣನ್ನು ಮುಚ್ಚಿಯೇ ಇಟ್ಟುಕೊಂಡಿದ್ದರೆ ಹುಣ್ಣಿದೆ ಎಂದೇ ಭಾವಿಸಿ ಹೋಗಿ.

ಚಿಕ್ಕಮಗಳೂರಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ದನಕರುಗಳ ಜೊತೆ ನಾಯಿ ಬೆಕ್ಕುಗಳನ್ನೂ ನೋಡುತ್ತಾರೆ. ಹೊರಡುವ ಮುನ್ನ ಫೋನ್ ಮಾಡಿ ವೈದ್ಯರು ಇದ್ದಾರೆಯೇ, ಹಳ್ಳಿಗೆ ಹೋಗಿದ್ದಾರೆಯೇ ಕೇಳಿಕೊಳ್ಳಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮರಿಯನ್ನು ಮಡಿಲಲ್ಲಿಟ್ಟುಕೊಂಡು ಬೈಕಿನಲ್ಲಿ ಹೋಗದೆ, ಗಾಳಿಯಾಡುವ ಮುಚ್ಚಿದ ಪೆಟ್ಟಿಗೆಯಲ್ಲಿ ಕರೆದೊಯ್ಯಿರಿ. ವೈರಸ್‌ಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಹಾಗಾಗಿ ಸೀನುವ ಎಲ್ಲ ಮರಿಗೂ ಅದು ಬೇಕಿಲ್ಲ. ನಿಮ್ಮ ಮರಿಗೆ ಹಳದಿ ಸಿಂಬಳದ ಜೊತೆ ಊಟ ಕಡಿಮೆಯಾಗಿರುವುದರಿಂದ ವೈದ್ಯರು ಬರೆಯುವ ಸಾಧ್ಯತೆ ಹೆಚ್ಚು, ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್, ವಾರದಿಂದ ಹತ್ತು ದಿನ. ಅದನ್ನು ಒಣ ಮಾತ್ರೆಯಾಗಿ ನುಂಗಿಸಿ ಹಾಗೇ ಬಿಡಬೇಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡು ಸುಟ್ಟ ಗಾಯ ಮಾಡಿ, ಮುಂದೆ ನಾಳವೇ ಕಿರಿದಾಗುವುದುಂಟು. ದ್ರವರೂಪ ಸಿಗುತ್ತದೆಯೇ ಕೇಳಿ, ಕೊಟ್ಟ ಮೇಲೆ ಐದಾರು ಎಂಎಲ್ ನೀರು ಅಥವಾ ಒಂದು ತುತ್ತು ಊಟ ಕೊಡಿ. ಹಾಲು, ಮೊಸರಿನಲ್ಲಿ ಕಲಸಿದರೆ ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡು ಪ್ರಶ್ನೆಗಳನ್ನು ವೈದ್ಯರಲ್ಲಿ ಗೌರವದಿಂದಲೇ ಕೇಳಿ: ಇಂಜೆಕ್ಷನ್‌ನಲ್ಲಿ ಸ್ಟೀರಾಯ್ಡ್ ಇದೆಯೇ, ಎನ್ರೋಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಕೊಡುತ್ತಿದ್ದರೆ ಪ್ರಮಾಣ ಬೆಕ್ಕಿಗೆ ತಕ್ಕಂತಿದೆಯೇ. ಸ್ಟೀರಾಯ್ಡ್ ಒಂದು ದಿನ ಉಲ್ಲಾಸ ತಂದು ಹರ್ಪಿಸ್‌ಗೆ ಬಾಗಿಲು ತೆರೆಯುತ್ತದೆ. ಎನ್ರೋಫ್ಲಾಕ್ಸಸಿನ್ ಪ್ರಮಾಣ ಮೀರಿದರೆ ಬೆಕ್ಕಿಗೆ ಕುರುಡು ಬರಬಹುದು. ಇನ್ನು ಹರ್ಪಿಸ್‌ಗೆ ಲೈಸಿನ್ ಎಂಬ ಪೂರಕದ ಪುಡಿ ಕೊಡಿ ಎಂದು ಅಂತರ್ಜಾಲದಲ್ಲಿ ಓದಿರಬಹುದು. ಅದರಿಂದ ಪ್ರಯೋಜನವಿಲ್ಲವೆಂದು 2015ರಲ್ಲೇ ಅಧ್ಯಯನಗಳ ವಿಮರ್ಶೆ ಹೇಳಿದೆ, ಹಣ ಉಳಿಸಿ.

ಆರು ವರ್ಷದ ಬೆಕ್ಕಿಗೆ ಖಂಡಿತ ಅಂಟಬಹುದು. ಎರಡರಿಂದ ಮೂರು ವಾರ ಬೇರೆ ಕೋಣೆ, ಬೇರೆ ಊಟದ ತಟ್ಟೆ, ಮಲಮೂತ್ರಕ್ಕೆ ಬೇರೆ ಮಣ್ಣು ತುಂಬಿದ ತಟ್ಟೆ. ಸೀನಿನ ಹನಿ ನಾಲ್ಕೈದು ಅಡಿ ಹಾರುತ್ತದೆ, ಆದರೆ ನಮ್ಮ ಕೈ, ಸೆರಗು, ಪಂಚೆಗಳೇ ಅದಕ್ಕಿಂತ ದೂರ ಒಯ್ಯುತ್ತವೆ. ಆದ್ದರಿಂದ ಮೊದಲು ದೊಡ್ಡದಕ್ಕೆ ಊಟ ಹಾಕಿ, ಆಮೇಲೆ ಮರಿಯ ಹತ್ತಿರ ಹೋಗಿ, ಬಂದು ಸೋಪಿನಲ್ಲಿ ಕೈ ತೊಳೆಯಿರಿ. ಹರ್ಪಿಸ್ ಹೊರಗೆ ಒಂದು ದಿನದೊಳಗೆ ಸಾಯುತ್ತದೆ, ಕ್ಯಾಲಿಸಿ ವಾರಕ್ಕೂ ಹೆಚ್ಚು ಉಳಿಯಬಲ್ಲದು. ಫಿನಾಯಿಲ್, ಡೆಟಾಲ್ ಹಾಕಿ ಒರೆಸಬೇಡಿ. ಫೀನಾಲ್ ಜಾತಿಯ ರಾಸಾಯನಿಕ ಬೆಕ್ಕಿಗೆ ವಿಷ, ಪಾದಕ್ಕೆ ತಾಗಿ ನೆಕ್ಕಿದರೂ ಸಾಕು. ಬಟ್ಟೆಗೆ ಹಾಕುವ ದ್ರವ ಬ್ಲೀಚನ್ನು ಒಂದು ಲೀಟರ್ ನೀರಿಗೆ 30 ಎಂಎಲ್ ಬೆರೆಸಿ, ಕೊಳೆ ತೊಳೆದ ನೆಲ ಮತ್ತು ತಟ್ಟೆಗೆ ಹಾಕಿ, ಹತ್ತು ನಿಮಿಷ ಬಿಟ್ಟು, ನೀರಿನಿಂದ ತೊಳೆದು ಒಣಗಿಸಿ. ಆ ಹೊತ್ತು ಮರಿ ಹೊರಗಿರಲಿ. ದೊಡ್ಡ ಬೆಕ್ಕು ಸದ್ಯ ಆರೋಗ್ಯವಾಗಿದ್ದರೆ ಅದಕ್ಕೂ ಈಗಲೇ ಲಸಿಕೆ ಹಾಕಿಸಲು ವೈದ್ಯರನ್ನು ಕೇಳಿ.

ಮಕ್ಕಳ ಬಗ್ಗೆ ಹೆದರಬೇಡಿ. ಈ ಎರಡು ವೈರಸ್ ಮನುಷ್ಯರಿಗೆ ಬರುವುದಿಲ್ಲ, ಮಕ್ಕಳ ನೆಗಡಿಗೂ ಮರಿಯ ಸೀನಿಗೂ ಸಂಬಂಧವಿಲ್ಲ. ಕ್ಲಮಿಡಿಯಾ ಬಹಳ ಅಪರೂಪಕ್ಕೆ ಕಣ್ಣು ಕೆಂಪು ಮಾಡಬಹುದು, ಆದ್ದರಿಂದ ಮರಿಯ ಮುಖಕ್ಕೆ ಮುಖ ಒತ್ತುವುದು ಬೇಡ, ಮುಟ್ಟಿದ ಮೇಲೆ ಕೈ ತೊಳೆಯಲಿ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ ಅವರು ದೂರವಿರಲಿ. ತೋಟದ ನಾಯಿಯೂ ಕೆಮ್ಮುತ್ತಿದ್ದರೆ ಅದನ್ನೂ ತಿಳಿಸಿ, ಬಾರ್ಡೆಟೆಲ್ಲಾ ನಾಯಿ ಬೆಕ್ಕುಗಳ ನಡುವೆ ಓಡಾಡುತ್ತದೆ. ನಾಯಿಯ ಚಿಗಟದ ಪುಡಿಯನ್ನು ಮಾತ್ರ ಮರಿಗೆ ಉದುರಿಸಬೇಡಿ, ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿಗೆ ಫಿಟ್ಸ್ ಬರುತ್ತದೆ.

ಒಂದೇ ಹೊಳ್ಳೆಯಿಂದ ಸಿಂಬಳ ಅಥವಾ ರಕ್ತ, ಇದ್ದಕ್ಕಿದ್ದಂತೆ ಬಿಡದೆ ಸೀನು, ಮೂತಿಯನ್ನು ಕಾಲಿನಿಂದ ಉಜ್ಜುವುದು ಇದ್ದರೆ ಹುಲ್ಲಿನ ಎಸಳು ಸಿಕ್ಕಿರಬಹುದು. ಹಳ್ಳದ ನೀರು ಕುಡಿಯುವ ದನ, ನಾಯಿಗಳ ಮೂಗಿಗೆ ಜಿಗಣೆ ಸೇರುವಂತೆ ಅಪರೂಪಕ್ಕೆ ಬೆಕ್ಕಿಗೂ ಆಗುತ್ತದೆ. ಸೀನಿಗಿಂತ ಕೆಮ್ಮು ಹೆಚ್ಚಿದ್ದರೆ ಜಂತುಹುಳದ ಮರಿಗಳು ಶ್ವಾಸಕೋಶ ದಾಟುತ್ತಿರಬಹುದು, ಜಂತಿನ ಔಷಧದ ವೇಳಾಪಟ್ಟಿಯನ್ನೂ ವೈದ್ಯರಲ್ಲಿ ಕೇಳಿಕೊಳ್ಳಿ.

ಚೆನ್ನಾಗಿ ತಿನ್ನುವ ಮರಿ ಸಾಮಾನ್ಯವಾಗಿ ವಾರದಿಂದ ಹತ್ತು ದಿನದಲ್ಲಿ ಗೆಲುವಾಗುತ್ತದೆ, ಪೂರ್ತಿ ಸೀನು ನಿಲ್ಲಲು ಮೂರು ವಾರ ಹಿಡಿಯಬಹುದು. ಅದಕ್ಕೂ ಮೀರಿ ಎಳೆದರೆ ಮತ್ತೆ ತೋರಿಸಿ. ಗುಣವಾದ ಮೇಲೂ ಮನೆ ಬದಲಾದಾಗ, ಹೊಸ ಪ್ರಾಣಿ ಬಂದಾಗ, ಹಬ್ಬಕ್ಕೆ ಮನೆ ತುಂಬ ನೆಂಟರು ಬಂದಾಗ ನಾಲ್ಕು ದಿನ ಮತ್ತೆ ಸೀನಬಹುದು. ತಿನ್ನುತ್ತಿದ್ದರೆ ಗಾಬರಿಯಾಗದೆ ಬೆಚ್ಚಗಿಡಿ. ಹರ್ಪಿಸ್, ಕ್ಯಾಲಿಸಿ ಮತ್ತು ವಾಂತಿ ಭೇದಿಯ ಮಾರಕ ಪ್ಯಾನ್‌ಲ್ಯುಕೋಪೀನಿಯಾ, ಮೂರಕ್ಕೂ ಸೇರಿ ಒಂದೇ ಲಸಿಕೆ ಇದೆ. ಮರಿ ಪೂರ್ತಿ ಚೇತರಿಸಿಕೊಂಡ ಮೇಲೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವವರೆಗೆ ಕೊಡಿಸಬೇಕು. ಈಗ ಕಾಯಿಲೆ ಬಂದು ಹೋಯಿತಲ್ಲ ಎಂದು ಬಿಡಬೇಡಿ. ಲಸಿಕೆ ಸೋಂಕನ್ನು ಪೂರ್ತಿ ತಡೆಯದಿದ್ದರೂ ಮುಂದಿನ ಸಲದ ಉಗ್ರತೆ ತಗ್ಗಿಸುತ್ತದೆ, ಪ್ಯಾನ್‌ಲ್ಯುಕೋಪೀನಿಯಾಕ್ಕಂತೂ ಅದೇ ದೊಡ್ಡ ರಕ್ಷಣೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಅದಕ್ಕೆ ಮೊದಲು ಆಟದಲ್ಲಿ ಮಕ್ಕಳಿಗೆ ಕಚ್ಚಿ ಅಥವಾ ಪರಚಿ ಗಾಯವಾದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.